ಉತ್ತಮ ಮಾತ್ರೆ ತ್ಯಾಗ

ರೋಗ ಬಂದು ಕೆಟ್ಟವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ರೋಗ ಹತೋಟಿಗೆ ಬಂದು ಕೆಟ್ಟವನನ್ನು ನೋಡಬೇಕಾದರೆ ಸಾಗರಕ್ಕೆ ಬನ್ನಿ. ಬಸ್ ಸ್ಟ್ಯಾಂಡಿನಲ್ಲಿ ಇಳಿದು ಬರೀ ಜಿನರಾಜನ ಮನೆ ಎಂದು ಕೇಳಿದರೆ ಸಾಲದು, ನಮ್ಮ ಕಡೆ ಜಿನರಾಜರು ಮೂವರಿದ್ದಾರೆ. ಕಣ್ಣೀರಿನ ಜಿನರಾಜ ಎಂದು ಕೇಳಿ. ಮೊದಲು ಜನ ಆ ಹೆಸರನ್ನು ಭಯಭಕ್ತಿಯಿಂದ ಹೇಳುತ್ತಿದ್ದರು. ಈಗ ಹೇಳುವಾಗ ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಾರೆ, ಗಂಡಸರು ಅಡ್ಡ ಹಿಡಿಯುವುದೂ ಇಲ್ಲ.

ಆ ಜಿನರಾಜ ನಾನೇ. ಮೂವತ್ತನಾಲ್ಕು ವರ್ಷ ಕಾರ್ಗಲ್‌ನಲ್ಲಿ ವಿದ್ಯುತ್ ಯೋಜನೆಯ ಉಗ್ರಾಣದಲ್ಲಿ ಗುಮಾಸ್ತನಾಗಿದ್ದವನು. ಕೇಳಿದವರಿಗೆ ನಟ್ಟು, ಬೋಲ್ಟು, ವಾಷರ್ ಕೊಟ್ಟು ಸಹಿ ಹಾಕಿಸಿಕೊಳ್ಳುವುದು ನನ್ನ ಕೆಲಸ. ಉಗ್ರಾಣದ ಮನುಷ್ಯನಿಗೆ ಅಳು ಬರುವ ಸಂದರ್ಭಗಳು ಕಡಿಮೆ, ನನಗಂತೂ ಹುಟ್ಟಿನಿಂದಲೇ ಅಳು ಬರುವುದಿಲ್ಲ. ಮಾವ ತೀರಿಕೊಂಡಾಗ ಹೊಸನಗರದ ಮನೆಯಲ್ಲಿ ಎಲ್ಲರೂ ಗೊಳೋ ಎನ್ನುತ್ತಿದ್ದರೆ, ನಾನು ಶಾಮಿಯಾನದವನಿಗೆ ಕಂಬ ಎಲ್ಲಿ ನೆಡಬೇಕೆಂದು ತೋರಿಸುತ್ತಿದ್ದೆ. ಮಗಳು ಶ್ರದ್ಧಾ ಗಂಡನ ಮನೆಗೆ ಹೊರಟು ನಿಂತಾಗ ಛತ್ರದ ಅಡುಗೆಯವರೂ ಕಣ್ಣೊರೆಸಿಕೊಂಡರು. ನಾನು ಕಾರಿನ ಡ್ರೈವರ್‌ಗೆ ತೀರ್ಥಹಳ್ಳಿ ರಸ್ತೆಯಲ್ಲಿ ಎಲ್ಲೆಲ್ಲಿ ಗುಂಡಿಗಳಿವೆ ಎಂದು ವಿವರಿಸುತ್ತಿದ್ದೆ. ಈ ಎರಡು ಅಪರಾಧಗಳನ್ನೂ ನನ್ನ ಹೆಂಡತಿ ವಾರಿಜಾಕ್ಷಿ ಮರೆತಿರಲಿಲ್ಲ. 'ನಮ್ಮನೆಯವ್ರು ಬಿಡಿ, ಕಲ್ಲು' ಎಂದು ಅವಳು ನೆಂಟರ ಎದುರಿಗೇ ಹೇಳುತ್ತಿದ್ದಳು. ನಾನೂ ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ.

ನಿವೃತ್ತನಾಗಿ ಸಾಗರಕ್ಕೆ ಬಂದು ನೆಲೆಸಿದ ವರ್ಷ ನನ್ನ ಅದೃಷ್ಟ ಬದಲಾಯಿತು. ಭಾದ್ರಪದದಲ್ಲಿ ನಮ್ಮ ಬಸದಿಯಲ್ಲಿ ಹತ್ತು ದಿನ ದಶಲಕ್ಷಣ ಪರ್ವ. ಕ್ಷಮೆ, ವಿನಯ, ಸರಳತೆ ಎಂದು ದಿನಕ್ಕೊಂದು ಧರ್ಮವನ್ನು ಇಟ್ಟುಕೊಂಡು ಮಧ್ಯಾಹ್ನ ಮೂರರಿಂದ ಪುರಾಣ ಓದುತ್ತಾರೆ. ಸೂರ್ಯ ಮುಳುಗಿದ ಮೇಲೆ ನಾವು ಅನ್ನ ಮುಟ್ಟುವುದಿಲ್ಲವಾದ್ದರಿಂದ ಐದಕ್ಕೆಲ್ಲ ಮುಗಿಸಿ ಎಲ್ಲರೂ ಊಟಕ್ಕೆ ಓಡುತ್ತಾರೆ. ಆ ವರ್ಷ ಓದಬೇಕಾಗಿದ್ದವರು ವಾರಿಜಾಕ್ಷಿಯ ಅಣ್ಣ, ಅಂದರೆ ನನ್ನ ಭಾವ, ಪುಷ್ಪರಾಜ್. ನಿವೃತ್ತ ಕನ್ನಡ ಉಪನ್ಯಾಸಕರು, ಮೈಕಿಲ್ಲದೆ ಮೂರು ಬೀದಿಗೆ ಕೇಳಿಸುವ ಕಂಠ. ಪರ್ವದ ಹಿಂದಿನ ದಿನ ಅವರಿಗೆ ಗಂಟಲು ಕಟ್ಟಿತು. ಬೇರೆ ಯಾರೂ ಒಪ್ಪದೆ ಪುಸ್ತಕ ನನ್ನ ಕೈಗೆ ಬಂತು.

ನಾನು ಉಗ್ರಾಣದ ಪಟ್ಟಿ ಓದುವ ಧಾಟಿಯಲ್ಲೇ ಶುರು ಮಾಡಿದೆ. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಕಣ್ಣು ಉರಿಯಿತು. ಮೂರನೇ ಪುಟಕ್ಕೆ ನೀರು ಬಂತು. ನಾಲ್ಕನೆಯದಕ್ಕೆ ಅದು ಕೆನ್ನೆಯ ಮೇಲೆ ಇಳಿದು, ರಾಜಕುಮಾರ ವೈರಾಗ್ಯ ತಾಳುವ ಸಾಲಿನ ಮೇಲೆಯೇ ಟಪ್ಪೆಂದು ಬಿತ್ತು. ತಲೆಯೆತ್ತಿ ನೋಡಿದರೆ ಮುಂದಿನ ಸಾಲಿನಲ್ಲಿ ಕೂತಿದ್ದ ಹೇಮಾವತಮ್ಮ, ಎಪ್ಪತ್ತೆಂಟು ವರ್ಷದ ಹಿರಿಯರು, ಬಿಕ್ಕುತ್ತಿದ್ದರು. ಅವರನ್ನು ನೋಡಿ ಪಕ್ಕದವರು, ಅವರನ್ನು ನೋಡಿ ಹಿಂದಿನವರು ಶುರು ಮಾಡಿದರು. ಇಂದ್ರರು (ನಮ್ಮ ಬಸದಿಯ ಪುರೋಹಿತರನ್ನು ಹಾಗೆ ಕರೆಯುವುದು) ಕೊನೆಯಲ್ಲಿ, ಇಂಥ ಭಾವಶುದ್ಧಿ ಅಪರೂಪ ಎಂದರು. ಪುಸ್ತಕ ಮಾರನೆಯ ವರ್ಷವೂ ನನಗೇ ಎಂದು ಅಲ್ಲೇ ತೀರ್ಮಾನವಾಯಿತು.

ನನಗೆ ಹೆಚ್ಚು ತಾಗಿದ್ದು ಮನೆಗೆ ಬಂದ ಮೇಲೆ. ವಾರಿಜಾಕ್ಷಿ ತಟ್ಟೆಗೆ ತುಪ್ಪ ಬಡಿಸುತ್ತ, ಕಲ್ಲಲ್ಲ ನೀವು, ನಂಗೇ ಗೊತ್ತಾಗಿರಲಿಲ್ಲ ಎಂದಳು. ಅವಳ ಅಪ್ಪ ಸತ್ತಾಗ ನಾನು ಒಳಗೇ ಅತ್ತಿದ್ದೆನೆಂದೂ, ಮಗಳನ್ನು ಕಳಿಸುವಾಗ ದುಃಖ ತಡೆಯಲಾರದೆ ಡ್ರೈವರ್ ಹತ್ತಿರ ಹೋಗಿ ನಿಂತಿದ್ದೆನೆಂದೂ ಅವಳೇ ಲೆಕ್ಕ ಹಾಕಿಕೊಂಡಿದ್ದಳು. ಮೂವತ್ತು ವರ್ಷದ ಸಂಸಾರದ ಎರಡು ತಪ್ಪುಗಳು ಒಂದೇ ಮಧ್ಯಾಹ್ನ ಮನ್ನಾ ಆದವು. ಅಂಥ ಹೊತ್ತಿನಲ್ಲಿ ನಿಜ ಹೇಳುವಷ್ಟು ಮೂರ್ಖ ನಾನಲ್ಲ. ಹೀಗೆ ಮೂರು ವರ್ಷ ನಡೆಯಿತು. ಪರ್ವದ ಹತ್ತು ದಿನವೂ ಅವಳು ಇಸ್ತ್ರಿ ಮಾಡಿದ ಬಿಳೀ ಕರವಸ್ತ್ರವನ್ನು ನನ್ನ ಜೇಬಿಗೆ ತಾನೇ ಇಡುತ್ತಿದ್ದಳು.

ನಿಜವೇನೆಂದರೆ ನನಗೆ ರೆಪ್ಪೆಯ ಕಾಯಿಲೆ. ರೆಪ್ಪೆಗೂದಲ ಬುಡದಲ್ಲಿ ತಲೆಹೊಟ್ಟಿನಂಥ ಹುಡಿ, ಅಂಚು ಕೆಂಪು, ಬೆಳಿಗ್ಗೆ ಎದ್ದರೆ ಎರಡೂ ಕಣ್ಣು ಅಂಟಿಕೊಂಡಿರುತ್ತವೆ. ವಾರಿಜಾಕ್ಷಿಗೆ ಇದು ಗೊತ್ತಿತ್ತು. ಆದರೆ ಬೆಳಗಿನ ನೀರು ಕಾಯಿಲೆಯದು, ಬಸದಿಯ ನೀರು ಭಕ್ತಿಯದು ಎಂದು ಅವಳು ಎರಡು ಖಾತೆ ಮಾಡಿಕೊಂಡಿದ್ದಳು. ನಾನು ಎರಡನ್ನೂ ಒಂದು ಮಾಡಲು ಹೋಗಿರಲಿಲ್ಲ.

ಈ ವರ್ಷ ಜೂನಿನಲ್ಲಿ ಒಂದು ಬೆಳಿಗ್ಗೆ ಕಣ್ಣು ಬಿಡಲಾರದೆ, ತಡವರಿಸಿಕೊಂಡು ಹೋಗಿ, ಹಲ್ಲುಜ್ಜುವ ಪೇಸ್ಟನ್ನು ಶೇವಿಂಗ್ ಬ್ರಷ್ಷಿಗೆ ಹಚ್ಚಿ ಕೆನ್ನೆ ತುಂಬ ಬಳಿದುಕೊಂಡೆ. ಉರಿ ತಡೆಯಲಾರದೆ ಕೂಗಿದ್ದಕ್ಕೆ ವಾರಿಜಾಕ್ಷಿ ಬಂದು ನೋಡಿ, ನಗುವುದನ್ನು ಮುಗಿಸಿ, ಆವತ್ತೇ ಕಣ್ಣಿನ ಡಾಕ್ಟರ್ ಮಂಜುಶ್ರೀಯವರ ಹತ್ತಿರ ಎಳೆದುಕೊಂಡು ಹೋದಳು.

ಡಾಕ್ಟರು ನನ್ನ ರೆಪ್ಪೆಯನ್ನು ಮಗುಚಿ, ತಿರುಚಿ, ಬೆಳಕು ಬಿಟ್ಟು ನೋಡಿದರು. ರೆಪ್ಪೆಯ ಅಂಚಿನಲ್ಲಿ ಎಣ್ಣೆ ಒಸರುವ ಸಣ್ಣ ಗ್ರಂಥಿಗಳಿವೆಯಂತೆ. ಅವು ಕಟ್ಟಿಕೊಂಡಿವೆಯಂತೆ.

"ಇದು ಪೂರ್ತಿ ವಾಸಿ ಆಗೋದಲ್ಲ. ನಿಭಾಯಿಸ್ಕೊಂಡು ಹೋಗ್ಬೇಕು, ಅಷ್ಟೆ" ಎಂದರು.

(ವಾರಿಜಾಕ್ಷಿ ನನ್ನ ಕಡೆ ತಿರುಗಿ ನೋಡಿದ ರೀತಿಯಲ್ಲಿ, ಅಂಥದೊಂದು ತನಗೂ ಮೂವತ್ತೆರಡು ವರ್ಷದಿಂದ ಇದೆ ಎಂಬ ಅರ್ಥವಿತ್ತು.)

ದಿನಾ ಎರಡು ಹೊತ್ತು ಬಿಸಿಬಟ್ಟೆಯ ಶಾಖ, ಹತ್ತಿಯಿಂದ ರೆಪ್ಪೆಯಂಚು ಒರೆಸುವುದು, ಜೊತೆಗೆ ದಿನಕ್ಕೊಂದು ಮಾತ್ರೆ. ಒಳಗಡೆ ಏನೋ ಒಳ್ಳೆಯ ಎಣ್ಣೆ, ವಿಟಮಿನ್ನು. ರಾತ್ರಿ ಊಟದ ನಂತರ ತಗೊಳ್ಳಿ ಎಂದರು. ನಮ್ಮಲ್ಲಿ ರಾತ್ರಿ ಊಟವೇ ಇಲ್ಲ ಎಂದು ವಾರಿಜಾಕ್ಷಿ ಹೇಳಿದ್ದಕ್ಕೆ, ದಿನದ ಕೊನೇ ಊಟ ಯಾವುದೋ ಅದಾದ ಮೇಲೆ ಎಂದು ತಿದ್ದಿದರು. ಬರೆದು ಮುಗಿಸುವಾಗ ಸುಮ್ಮನೆ ಕೇಳುವಂತೆ ಕೇಳಿದರು:

"ಓದೋವಾಗ ಕಣ್ಣಲ್ಲಿ ನೀರು ಬರುತ್ತಾ? ತುಂಬಾ ಜನಕ್ಕೆ ಬರುತ್ತೆ. ಓದ್ತಾ ಓದ್ತಾ ರೆಪ್ಪೆ ಬಡಿಯೋದು ಮರ್ತು ಹೋಗುತ್ತೆ ನೋಡಿ."

ವಾರಿಜಾಕ್ಷಿ ಪಕ್ಕದಲ್ಲೇ ಕೂತಿದ್ದಳು. ಅವಳ ಎದುರಿಗೆ ಏನು ಹೇಳಲಿ?

"ಇಲ್ಲ" ಎಂದೆ. ಒಂದೇ ಶಬ್ದ. ನನ್ನ ಮುಂದಿನ ಕಷ್ಟಗಳೆಲ್ಲ ಅಲ್ಲಿಂದ ಹುಟ್ಟಿದವು.

ಮೆಡಿಕಲ್ ಶಾಪಿನ ತೀರ್ಥೇಶ್ ಕೊಟ್ಟ ಮೊದಲ ಡಬ್ಬಿಯ ಮೇಲೆ ಮೀನಿನ ಚಿತ್ರವಿತ್ತು. ವಾರಿಜಾಕ್ಷಿ ಅದನ್ನು ಕೈಯಲ್ಲಿ ಹಿಡಿದವಳು ಹಾವು ಹಿಡಿದವಳಂತೆ ಕೌಂಟರಿನ ಮೇಲೆ ಬಿಟ್ಟಳು. ಮೀನೆಣ್ಣೆ, ಕಣ್ಣಿಗೆ ಭಾರೀ ಒಳ್ಳೇದು ಎಂದು ಆ ಪುಣ್ಯಾತ್ಮ ವಿವರಿಸಲು ಹೋದ. ಆಮೇಲೆ ಅರ್ಧ ಗಂಟೆ ಅಲ್ಲೊಂದು ನ್ಯಾಯಾಲಯ ನಡೆಯಿತು. ಅಗಸೆ ಎಣ್ಣೆಯದು ಸಿಕ್ಕಿತು, ಆದರೆ ಮೇಲಿನ ಸಿಪ್ಪೆ ಯಾವುದರದು? ಹಸಿರು ಚುಕ್ಕೆ ಇದೆಯೇ? ಜೇನು ಸೇರಿಸಿದ್ದಾರೆಯೇ? ಗಡ್ಡೆ ಗೆಣಸಿನ ಸಾರವೇನಾದರೂ? ಹಿಂದೆ ಔಷಧಿಗೆಂದು ನಿಂತಿದ್ದವರೂ ತಮ್ಮ ಜ್ವರ ಮರೆತು ಡಬ್ಬಿಯ ಅಕ್ಷರ ಓದಲು ನೆರವಾದರು. ಡಾಕ್ಟರಿಗೆ ಫೋನ್ ಮಾಡಿ, ಆಗಬಹುದು ಎನಿಸಿಕೊಂಡು, ಮೂರನೇ ಅಂಗಡಿಯಲ್ಲಿ ಕೊನೆಗೂ ಒಂದು ನಿರ್ದೋಷಿ ಡಬ್ಬಿ ಸಿಕ್ಕಿತು.

ಅಂದಿನಿಂದ ನಮ್ಮ ಮನೆಯಲ್ಲಿ ಸೂರ್ಯಾಸ್ತವೆಂಬುದು ಸರ್ಕಾರಿ ಕಾರ್ಯಕ್ರಮವಾಯಿತು. ಆಷಾಢದ ಮೋಡದಲ್ಲಿ ಸೂರ್ಯ ಕಾಣುವುದಿಲ್ಲವೆಂದು ವಾರಿಜಾಕ್ಷಿ ಫೋನಿನಲ್ಲಿ ಸಮಯ ನೋಡಿ ಇಡುತ್ತಿದ್ದಳು. ನಾನು ಊಟ ಮಾಡಿ ಕೈ ತೊಳೆದು ಬರುವಷ್ಟರಲ್ಲಿ ಒಂದು ಅಂಗೈಯಲ್ಲಿ ಮಾತ್ರೆ, ಇನ್ನೊಂದರಲ್ಲಿ ಲೋಟ. ಒಮ್ಮೆ ನನ್ನ ಹಳೇ ಸಹೋದ್ಯೋಗಿ ಗಣೇಶಮೂರ್ತಿಯನ್ನು ರೈಲು ಹತ್ತಿಸಲು ತಾಳಗುಪ್ಪಕ್ಕೆ ಹೋದವನಿಗೆ ಅಲ್ಲೇ ಹೊತ್ತಾಯಿತು. ಅಂಗಿಯ ಜೇಬಿನಲ್ಲಿ ಕಾಗದದ ಪೊಟ್ಟಣ ಮೊದಲೇ ಇತ್ತು, ನನಗೇ ಗೊತ್ತಿರಲಿಲ್ಲ. ಫೋನು ಬಂತು. ಪ್ಲಾಟ್‌ಫಾರಂ ಮೇಲೆ ನಿಂತು ಎರಡು ಬಾಳೆಹಣ್ಣು ತಿಂದು, ಮಾತ್ರೆ ನುಂಗಿ, ವಿಡಿಯೋ ಕಾಲಿನಲ್ಲಿ ಬಾಯಿ ಅಗಲಿಸಿ ನಾಲಿಗೆಯ ಕೆಳಗೂ ತೋರಿಸಿದೆ. ಸೂರ್ಯಾಸ್ತಕ್ಕೆ ಇನ್ನೂ ನಾಲ್ಕು ನಿಮಿಷವಿತ್ತು. ಗಣೇಶಮೂರ್ತಿ ರೈಲಿನ ಕಿಟಕಿಯಿಂದ ನನ್ನ ಕಡೆ ನೋಡಿದ ನೋಟದಲ್ಲಿ ಆಳವಾದ ಅನುಕಂಪವಿತ್ತು.

ಇಷ್ಟು ಮಾಡಿದರೆ ಎಂಥ ಕಾಯಿಲೆಯೂ ಮೆತ್ತಗಾಗುತ್ತದೆ. ಶ್ರಾವಣ ಮುಗಿಯುವ ಹೊತ್ತಿಗೆ ನನ್ನ ರೆಪ್ಪೆಗಳು ಎಳೆ ಮಗುವಿನ ರೆಪ್ಪೆಗಳಾದವು. ಹುಡಿಯಿಲ್ಲ, ಉರಿಯಿಲ್ಲ, ಬೆಳಿಗ್ಗೆ ಕಣ್ಣು ತಾನಾಗಿ ತೆರೆಯುತ್ತಿತ್ತು. ವಾರಿಜಾಕ್ಷಿ ಬೀದಿಯವರನ್ನೆಲ್ಲ ಕರೆದು ನನ್ನ ಕಣ್ಣು ತೋರಿಸಿದಳು. ನಾನೂ ಬೀಗಿದೆ. ಮುಂದೆ ಬರಲಿರುವ ಭಾದ್ರಪದದ ನೆನಪು ಇಬ್ಬರಿಗೂ ಬರಲಿಲ್ಲ.

ಪರ್ವದ ಮೊದಲ ದಿನ, ಉತ್ತಮ ಕ್ಷಮೆ. ಬಸದಿ ತುಂಬಿತ್ತು. ಹೇಮಾವತಮ್ಮ ಮುಂದಿನ ಸಾಲಿನಲ್ಲಿ ಕೂತು, ಕರವಸ್ತ್ರ ಬಿಡಿಸಿ ತೊಡೆಯ ಮೇಲೆ ಹಾಸಿಕೊಂಡು ಸಿದ್ಧವಾಗಿದ್ದರು. ನಾನು ಓದಿದೆ. ಒಂದು ಪುಟ, ಎರಡು ಪುಟ, ಹತ್ತು ಪುಟ. ಕಣ್ಣು ಬೇಸಿಗೆಯ ಕೆರೆಯ ಹಾಗೆ ಒಣಗಿತ್ತು. ಅಕ್ಷರಗಳು ಸ್ವಚ್ಛವಾಗಿ, ಕರ್ರಗೆ, ಒಂದೊಂದೂ ಬಿಡಿಬಿಡಿಯಾಗಿ ಕಂಡವು. ಯಾರಿಗೂ ಏನೂ ಆಗಲಿಲ್ಲ. ಮುಗಿದ ಮೇಲೆ ಹೇಮಾವತಮ್ಮ ಹತ್ತಿರ ಬಂದು, ಮೈಗೆ ಹುಷಾರಿಲ್ವಾ ಎಂದು ಮೆಲ್ಲಗೆ ವಿಚಾರಿಸಿದರು.

ಎರಡನೇ ದಿನ ಇನ್ನೂ ಕೆಟ್ಟಿತು. ಕಣ್ಣೀರಿಲ್ಲದ ನನ್ನ ಓದು ನಿಜವಾಗಿ ಹೇಗಿದೆ ಎಂದು ಊರಿಗೆ ಮೊದಲ ಸಲ ಗೊತ್ತಾಯಿತು. ಹಿಂದಿನ ಸಾಲಿನಿಂದ ಎರಡು ಆಕಳಿಕೆ, ಕಂಬದ ಪಕ್ಕದಿಂದ ಒಂದು ಗೊರಕೆ. ಭಾವ ಹೊರಗೆ ಚಪ್ಪಲಿ ಮೆಟ್ಟುತ್ತ, ನಿಮಗೆ ಆಯಾಸ ಆಗಿದ್ರೆ ಉಳಿದ ದಿನ ನಾನು ಬೇಕಾದ್ರೆ ನೋಡ್ಕೊಳ್ತೀನಿ ಎಂದರು. ಅವರ ಗಂಟಲು ಗಂಟೆಯ ಹಾಗಿತ್ತು.

ಪೀಠ ಹೋದರೆ ಹೋಗಲಿ ಎಂದು ಸುಮ್ಮನಿರುತ್ತಿದ್ದೆನೋ ಏನೋ. ಆದರೆ ಮನೆಗೆ ಬಂದಾಗ ವಾರಿಜಾಕ್ಷಿ ನನ್ನ ಜೇಬಿನಿಂದ ಕರವಸ್ತ್ರ ತೆಗೆದಳು. ಮಡಿಕೆ ಮುರಿದಿರಲಿಲ್ಲ. ಅದನ್ನೇ ಸ್ವಲ್ಪ ಹೊತ್ತು ನೋಡಿದಳು.

"ಮೂರು ವರ್ಷ ಓದಿ ಓದಿ ರೂಢಿ ಆಗೋಯ್ತೇನ್ರೀ? ಮನಸ್ಸಿಗೆ ತಾಗೋದೇ ನಿಂತ್ಹೋಯ್ತಾ?"

ಅವಳು ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ಬೈಯಲಿಲ್ಲ. ಕರವಸ್ತ್ರವನ್ನು ಬೀರುವಿನಲ್ಲಿಟ್ಟು ಬಾಗಿಲು ಹಾಕಿದಳು. ಇನ್ನೆರಡು ದಿನ ಹೀಗೇ ಕಳೆದರೆ ನಾನು ಮತ್ತೆ ಕಲ್ಲಾಗುವುದು ಖಚಿತ. ಅವಳ ಅಪ್ಪನ ಶಾಮಿಯಾನ, ಮಗಳ ಕಾರಿನ ಡ್ರೈವರ್, ಎಲ್ಲ ವಾಪಸ್ ಬರುತ್ತವೆ. ನನಗೆ ನಿಜವಾಗಿ ಭಯವಾಯಿತು. ಮೂರು ವರ್ಷದಿಂದ ನನ್ನ ಹೆಂಡತಿ ನನ್ನನ್ನು ಒಳ್ಳೆಯವನೆಂದು ತಿಳಿದಿದ್ದಳು, ಅದು ನನಗೆ ಬಹಳ ಹಿತವಾಗಿತ್ತು. ಅದನ್ನು ಕಳೆದುಕೊಳ್ಳಲು ನಾನು ತಯಾರಿರಲಿಲ್ಲ.

ಆ ಭಯದಲ್ಲೇ ನನಗೊಂದು ದಿವ್ಯ ಉಪಾಯ ಹೊಳೆಯಿತು.

ಪರ್ವದಲ್ಲಿ ನಮ್ಮವರು ಇಂದ್ರರ ಎದುರಿಗೆ ನಿಂತು ಏನಾದರೊಂದನ್ನು ಹತ್ತು ದಿನ ಬಿಡುವ ನಿಯಮ ತೆಗೆದುಕೊಳ್ಳುತ್ತಾರೆ. ಒಬ್ಬರು ಉಪ್ಪು, ಒಬ್ಬರು ಸಕ್ಕರೆ, ಒಬ್ಬರು ಕಾಫಿ. (ಭಾವ ತುಪ್ಪ ಬಿಟ್ಟಿದ್ದರು. ಅದನ್ನು ಅವರ ಡಾಕ್ಟರು ಜನವರಿಯಲ್ಲೇ ಬಿಡಿಸಿದ್ದರು.) ಒಮ್ಮೆ ಭಗವಂತನ ಮುಂದೆ ತೆಗೆದುಕೊಂಡ ನಿಯಮವನ್ನು ಹೆಂಡತಿಯೂ ಮುರಿಸುವಂತಿಲ್ಲ. ಮೂರನೇ ದಿನ ಬೆಳಿಗ್ಗೆ ಮಿಂದು, ಪಂಚೆಯುಟ್ಟು, ಅಭಿಷೇಕ ಮುಗಿದ ಮೇಲೆ ಎಲ್ಲರ ಎದುರು ಕೈಮುಗಿದು ನಿಂತು, ಪರ್ವ ಮುಗಿಯುವ ತನಕ ಮಾತ್ರೆ, ಶಾಖ ಎರಡನ್ನೂ ತ್ಯಾಗ ಮಾಡುತ್ತೇನೆ ಎಂದೆ.

ಇಂದ್ರರು ತಲೆ ಕೆರೆದುಕೊಂಡರು. "ಔಷಧಿ ಬಿಡೋಕೆಲ್ಲ ನಿಯಮ ಕೊಡಕ್ಕೆ ಬರಲ್ಲ, ಜಿನರಾಜಣ್ಣ."

ಔಷಧಿಯಲ್ಲ, ವಿಟಮಿನ್ನು ಎಂದೆ. ಬರೀ ದೇಹಪುಷ್ಟಿಗೆ, ಈ ದೇಹದ ಮೇಲಿನ ಮೋಹಕ್ಕೆ ಎಂದೂ ಸೇರಿಸಿದೆ. ಸುತ್ತಲಿದ್ದವರು ತಲೆದೂಗಿದರು. ಇಂದ್ರರು ನಿಯಮ ಕೊಟ್ಟರು. ಆವತ್ತಿನ ಧರ್ಮ ಉತ್ತಮ ಆರ್ಜವ, ಅಂದರೆ ಒಳಗೊಂದು ಹೊರಗೊಂದು ಇಲ್ಲದ ನೇರ ನಡತೆ. ಅದರ ಮೇಲೆ ಮಧ್ಯಾಹ್ನ ನಾನೇ ಎರಡು ಗಂಟೆ ಓದಿದೆ.

ವಾರಿಜಾಕ್ಷಿ ಮನೆಗೆ ಬಂದು, ಎರಡು ತಿಂಗಳ ಕೆಲಸ ನೀರುಪಾಲು ಮಾಡಿದ್ರಲ್ಲ ಎಂದು ಒಂದು ಸುತ್ತು ಕೂಗಾಡಿದಳು. ನಿಯಮ, ನಿಯಮ ಎಂದು ನಾನು ಕಣ್ಣು ಮುಚ್ಚಿ ಕೂತೆ. ಸಂಜೆ ಅಭ್ಯಾಸಬಲದಿಂದ ಮಾತ್ರೆ ತೆಗೆದವಳು ವಾಪಸ್ ಡಬ್ಬಿಗೆ ಹಾಕಲು ಮನಸ್ಸಾಗದೆ ತಾನೇ ನುಂಗಿದಳು. ಮಾರನೆಯ ದಿನವೂ ನುಂಗಿದಳು. ಕೆಲವೇ ದಿನಕ್ಕೆ ಅಕ್ಕಪಕ್ಕದವರು, ಮುಖದಲ್ಲಿ ಕಳೆ ಬಂದಿದೆ, ಎಂತ ಹಚ್ಚುತ್ತೀಯೆ ಎಂದು ಅವಳನ್ನು ಕೇಳತೊಡಗಿದರು.

ಈ ಕಡೆ ನನ್ನ ಕಣ್ಣು ಮಾತ್ರ ಮೊಂಡು ಹಿಡಿಯಿತು. ಬೇಡವೆಂದಾಗ ಬರುತ್ತಿದ್ದ ರೋಗ ಬೇಕೆಂದಾಗ ಬರಲೊಲ್ಲದು. ನಾಲ್ಕನೇ ದಿನ ಒಣ, ಐದನೇ ದಿನವೂ ಒಣ. ಕಾಯುವಷ್ಟು ಸಮಯವಿರಲಿಲ್ಲ. ಬಚ್ಚಲಿನ ಹಂಡೆಯ ಒಲೆಗೆ ಹಸಿ ಸೌದೆ ತುರುಕಿ, ಊದುವ ನೆಪದಲ್ಲಿ ಹೊಗೆಗೆ ಮುಖ ಕೊಟ್ಟು ಬೆಳಿಗ್ಗೆ ಸಂಜೆ ಅರ್ಧರ್ಧ ಗಂಟೆ ಕೂತೆ. ಮೂವತ್ತೆರಡು ವರ್ಷದಲ್ಲಿ ಒಮ್ಮೆಯೂ ಒಲೆ ಹಚ್ಚದವನು ಈಗ ಸ್ನಾನಕ್ಕೆ ನೀರು ಕಾಯಿಸುತ್ತಿದ್ದಾನೆಂದು ವಾರಿಜಾಕ್ಷಿ ಅದನ್ನೂ ಪರ್ವದ ಪ್ರಭಾವವೆಂದೇ ಅಂದುಕೊಂಡಳು.

ಆರನೇ ದಿನ, ಪುಟ ತಿರುಗಿಸುವಾಗ, ಬಂತು. ಮೊದಲು ಬಲಗಣ್ಣಿನಿಂದ ಒಂದು ಹನಿ, ಆಮೇಲೆ ಎಡದಿಂದ. ಹೇಮಾವತಮ್ಮನ ಮುಖ ಅರಳಿದ್ದು, ಅವರು ಕರವಸ್ತ್ರ ಬಿಡಿಸಿದ್ದು, ಬಸದಿಗೆ ಬಸದಿಯೇ ಮೂಗು ಸೇದಿದ್ದು ಎಲ್ಲ ಮಸುಕುಮಸುಕಾಗಿ ಕಂಡಿತು. ಹೆಂಗಸರ ಸಾಲಿನಲ್ಲಿ ವಾರಿಜಾಕ್ಷಿ ಸೆರಗಿನಿಂದ ಕಣ್ಣೊತ್ತಿಕೊಂಡಳು. ಮಾರನೆಯ ದಿನ ಬೀರುವಿನಿಂದ ಕರವಸ್ತ್ರ ಹೊರಗೆ ಬಂತು. ಎಂಟನೇ ದಿನ ಉತ್ತಮ ತ್ಯಾಗ. ಇಂದ್ರರು ಪ್ರವಚನದಲ್ಲಿ, ನಾಲಿಗೆಯ ರುಚಿ ಬಿಡುವವರು ಬಹಳ, ದೇಹದ ಮೋಹವನ್ನೇ ಬಿಟ್ಟವರು ನಮ್ಮ ನಡುವೆಯೇ ಇದ್ದಾರೆ ಎಂದು ನನ್ನ ಕಡೆ ಕೈ ತೋರಿಸಿದರು. ಭಾವ ಎದ್ದು ಬಂದು ಕೈಕುಲುಕಬೇಕಾಯಿತು. ಅಲ್ಲಿಗೇ ಪರ್ವ ಮುಗಿದಿದ್ದರೆ ಇಂದಿಗೂ ನಾನು ಮಹಾಪುರುಷ.

ಒಂಬತ್ತನೇ ದಿನ ರೆಪ್ಪೆಗಳು ಬನ್ಸಿನಂತೆ ಊದಿದ್ದವು. ಸಣ್ಣ ಸಂದಿಯಿಂದ ಇಣುಕಿ ಅರ್ಧ ಓದಿ, ಅರ್ಧ ನೆನಪಿನಿಂದ ಹೇಳಿದೆ. ನಡುವೆ ಎರಡು ಪುಟ ಒಟ್ಟಿಗೆ ಮಗುಚಿಹೋಗಿ, ರಾಜಕುಮಾರ ಮೊದಲು ಸನ್ಯಾಸ ತೆಗೆದುಕೊಂಡು ಆಮೇಲೆ ಮದುವೆಯಾದ. ಅಳುವ ಭರದಲ್ಲಿ ಯಾರೂ ಅದನ್ನು ಗಮನಿಸಲಿಲ್ಲ.

ಹತ್ತನೇ ದಿನ ಅನಂತ ಚತುರ್ದಶಿ. ತೀರ್ಥಹಳ್ಳಿಯಿಂದ ಬೀಗರೂ ಬರುವವರಿದ್ದರು. ಬೆಳಿಗ್ಗೆ ಎದ್ದರೆ ಲೋಕವೇ ಇಲ್ಲ. ಎರಡೂ ಕಣ್ಣು ಮೇಣ ಹಾಕಿ ಮೊಹರು ಮಾಡಿದ ಹಾಗೆ ಮುಚ್ಚಿಕೊಂಡಿದ್ದವು. ವಾರಿಜಾಕ್ಷಿ ಹೆದರಿ ಡಾಕ್ಟರಿಗೆ ಫೋನ್ ಹಚ್ಚಿ, ಎರಡೂ ಕೈ ಖಾಲಿಯಿರಲೆಂದು ಸ್ಪೀಕರಿಗೆ ಹಾಕಿ ನನ್ನ ಪಕ್ಕದಲ್ಲಿ ಇಟ್ಟಳು. ಡಾಕ್ಟರು ಮೊದಲು ಮಾತ್ರೆ ಬಿಟ್ಟಿದ್ದಕ್ಕೂ ಶಾಖ ನಿಲ್ಲಿಸಿದ್ದಕ್ಕೂ ಬೈದರು. ನಾನು ದಿನಾ ಒಲೆ ಊದುತ್ತಿದ್ದೆನೆಂದು ವಾರಿಜಾಕ್ಷಿ ಹೇಳಿದಾಗ, ಹೊಗೆಗೆಂದು ಇನ್ನೊಮ್ಮೆ ಬೈದರು. ತಕ್ಷಣ ಶಾಖ ಕೊಡಿ, ಕಣ್ಣು ಬಿಟ್ಟ ಮೇಲೆ ಓದೋದೆಲ್ಲ ಬೇಡ, ಮೊದ್ಲೇ ನೀರು ಸೋರುತ್ತೆ ಎಂದರು.

"ಓದೋದಕ್ಕೂ ಅದಕ್ಕೂ ಏನೂ ಇಲ್ಲ ಡಾಕ್ಟ್ರೇ. ಬಸದಿಯಲ್ಲಿ ಓದೋವಾಗ ಬರೋದು ಬೇರೆ" ಎಂದಳು ವಾರಿಜಾಕ್ಷಿ.

"ಓದೋವಾಗ ಬರುತ್ತಾ? ಅವತ್ತು ಇಲ್ಲ ಅಂದಿದ್ರಲ್ಲ. ಎಷ್ಟು ದಿನದಿಂದ ಬರ್ತಿದೆ?"

"ಮೂರು ವರ್ಷ" ಎಂದಳು. ಡಾಕ್ಟರು ಅದೇ ಈ ಕಾಯಿಲೆಯ ಲಕ್ಷಣ, ಅದೇ ಲಕ್ಷಣ ಎಂದು ಹೇಳುತ್ತಿದ್ದುದು ಕೇಳಿಸುತ್ತಿತ್ತು. ಫೋನು ಆರಿಸಿದ ಮೇಲೆ ಬಿಸಿಬಟ್ಟೆ ನನ್ನ ಕಣ್ಣಿನ ಮೇಲೆ ಬಂದು ಕೂತಿತು. ಸ್ವಲ್ಪ ಹೆಚ್ಚೇ ಬಿಸಿಯಿತ್ತು.

"ಹಂಗಾದ್ರೆ ಬಸದಿಲಿ ಬರ್ತಿದ್ದಿದ್ದು?"

"ಅದೂ ಇದೇ" ಎಂದೆ. ಕಣ್ಣು ಮುಚ್ಚಿಕೊಂಡಿದ್ದರಿಂದ ಹೇಳುವ ಧೈರ್ಯ ಬಂತು.

ಅವಳ ಮುಖ ಹೇಗಾಯಿತೋ ನನಗೆ ಕಾಣಲಿಲ್ಲ. ಬೈದರೆ ಸಾಕು ಎಂದು ಕಾದೆ. ಬಟ್ಟೆ ಹಿಂಡುವ ಸದ್ದು ಮಾತ್ರ ಕೇಳಿಸಿತು. ಮಧ್ಯಾಹ್ನ ಎರಡೂವರೆಗೆ ಕಣ್ಣು ಅರ್ಧ ತೆರೆಯುವಷ್ಟು ಆದಾಗ ನನ್ನ ಕೈಹಿಡಿದು ಬಸದಿಗೆ ಕರೆದುಕೊಂಡು ಹೋಗಿ, ಹೇಮಾವತಮ್ಮನ ಪಕ್ಕ ಕೂರಿಸಿದಳು. ಯಾಕೆ, ಇವತ್ತು ಓದಲ್ವಾ ಎಂದು ಇಂದ್ರರು ಕೇಳಿದರು. ವಾರಿಜಾಕ್ಷಿ ಎಲ್ಲರಿಗೂ ಕೇಳುವ ಹಾಗೆ, ಮೊಸರಿಗೆ ಹೆಪ್ಪು ಹಾಕಿದ್ದನ್ನು ಹೇಳುವಷ್ಟೇ ಸಹಜವಾಗಿ ಹೇಳಿದಳು:

"ಇವ್ರಿಗೆ ರೆಪ್ಪೆ ಕಾಯಿಲೆ. ಓದಿದ್ರೆ ನೀರು ಬರುತ್ತೆ. ಮೂರು ವರ್ಷದಿಂದ ಬರ್ತಿದ್ದಿದ್ದೂ ಅದೇ ಅಂತೆ. ನಂಗೂ ಇವತ್ತೇ ಗೊತ್ತಾಗಿದ್ದು."

ನೂರಿಪ್ಪತ್ತು ಜನ ಮೂರು ವರ್ಷ ಸುರಿಸಿದ ಕಣ್ಣೀರನ್ನು ಮನಸ್ಸಿನಲ್ಲೇ ವಾಪಸ್ ಕೇಳುತ್ತಿದ್ದ ಮೌನ ಅದು. ಎಲ್ಲೋ ಹಿಂದುಗಡೆ ಯಾರೋ ಕಿಸಕ್ಕೆಂದರು. ಭಾವ ಗಂಭೀರವಾಗಿ ಎದ್ದು ಕನ್ನಡಕ ಹಾಕಿಕೊಂಡು ಪೀಠಕ್ಕೆ ಹೋದರು. ಆದರೆ ಚತುರ್ದಶಿಯ ನಿರ್ಜಲ ಉಪವಾಸ, ಬೆಳಿಗ್ಗೆಯಿಂದ ನೀರೂ ಕುಡಿದಿರಲಿಲ್ಲ. ಮೂರನೇ ಸಾಲಿಗೆ ಅವರ ಗಂಟೆಯಂಥ ಕಂಠ ಒಣ ತೆಂಗಿನಗರಿಯ ಹಾಗೆ ಬರಬರ ಎಂದು ನಿಂತೇಹೋಯಿತು. ಅವರು ಪುಸ್ತಕವನ್ನು ಅತ್ತಿತ್ತ ನೋಡಿ, ಹತ್ತಿರದಲ್ಲೇ ನಿಂತಿದ್ದ ತಂಗಿಯ ಕೈಗೆ ಕೊಟ್ಟರು.

ವಾರಿಜಾಕ್ಷಿ ಹೈಸ್ಕೂಲು ಬಿಟ್ಟ ಮೇಲೆ ಗಟ್ಟಿಯಾಗಿ ಏನನ್ನೂ ಓದಿದವಳಲ್ಲ. ಬೆರಳಿಟ್ಟುಕೊಂಡು, ತಡೆದು ತಡೆದು ಓದಿದಳು. ಮಗ ಎಲ್ಲ ಬಿಟ್ಟು ಕಾಡಿಗೆ ಹೊರಡುವ ಭಾಗ. ಮೂರು ವರ್ಷ ನಾನೇ ಅದನ್ನು ಓದಿದ್ದೆ, ನನ್ನ ಗಮನವೆಲ್ಲ ನೀರು ಬಂತೇ ಇಲ್ಲವೇ ಎಂಬುದರ ಮೇಲಿತ್ತು. ತಾಯಿ ಮಗನನ್ನು ತಡೆಯುವುದಿಲ್ಲ. ಹೋಗು, ಆದರೆ ನಾಳೆಯಿಂದ ನಾನು ಯಾರ ದಾರಿ ಕಾಯಲಿ, ಅದೊಂದು ಹೇಳಿ ಹೋಗು ಎನ್ನುತ್ತಾಳೆ. ಆ ಸಾಲಿಗೆ ಬಂದಾಗ ವಾರಿಜಾಕ್ಷಿಯ ಬೆರಳು ನಿಂತಿತು. ಅವಳು ಅಳಲಿಲ್ಲ. ಅದೇ ಸಾಲನ್ನು ಮತ್ತೊಮ್ಮೆ ಮೊದಲಿನಿಂದ ಓದಿದಳು. ಶ್ರದ್ಧಾಳನ್ನು ಕಳಿಸಿದ ದಿನ ಕಾರು ತಿರುವಿನಲ್ಲಿ ಮರೆಯಾದ ಮೇಲೂ ಇವಳು ಛತ್ರದ ಗೇಟಿನ ಹತ್ತಿರ ಒಬ್ಬಳೇ ನಿಂತಿದ್ದಳು. ನಾನು ಒಳಗೆ ಕುರ್ಚಿಗಳನ್ನು ಎಣಿಸುತ್ತಿದ್ದೆ.

ಹೊಗೆ ಬೇಕಾಗಲಿಲ್ಲ, ಪುಸ್ತಕವೂ ಕೈಯಲ್ಲಿರಲಿಲ್ಲ. ಅರುವತ್ತನಾಲ್ಕು ವರ್ಷದಲ್ಲಿ ಮೊದಲ ಸಲ ನನಗೆ ಅಳು ಬಂತು. ಭುಜ ಕುಣಿಯಿತು, ಸದ್ದೂ ಬಂತು. ತಡೆಯಲು ನೋಡಿದಷ್ಟೂ ಹೆಚ್ಚಾಯಿತು.

ಹೇಮಾವತಮ್ಮ ನನ್ನ ಬೆನ್ನು ಸವರಿದರು. "ಅಯ್ಯೋ ಪಾಪ, ಕಾಯಿಲೆ ಜೋರಾಗಿದೆ ಮಾರಾಯ. ಮಾತ್ರೆ ಬಿಡಬಾರದಿತ್ತು."

"ಅದಲ್ಲಮ್ಮ" ಎಂದೆ ಬಿಕ್ಕುತ್ತ. "ಇದು ನಿಜವಾದ್ದು."

"ಹೌದಪ್ಪ. ಮೂರು ವರ್ಷ ನಾವೂ ಹಂಗೇ ಅಂದ್ಕೊಂಡಿದ್ವಿ" ಎಂದು ಅವರು ತಮ್ಮ ಕರವಸ್ತ್ರವನ್ನು ಮಡಚಿ ಚೀಲದೊಳಗಿಟ್ಟುಕೊಂಡರು. ಹಿಂದಿನಿಂದ ಯಾರೋ, ಪಾಪ, ಹೊರಗೆ ಗಾಳಿಗಾದ್ರೂ ಕೂರಿಸ್ರೋ ಎಂದರು. ಇಬ್ಬರು ನನ್ನ ರಟ್ಟೆ ಹಿಡಿದು ಜಗುಲಿಗೆ ಕರೆತಂದು, ಮುಖಕ್ಕೆ ನೀರು ಚಿಮುಕಿಸಿ ಒಳಗೆ ಹೋದರು. ಅಲ್ಲಿ ಕೂತು ನಾನೊಬ್ಬನೇ, ಯಾರ ಉಪಯೋಗಕ್ಕೂ ಬಾರದ ಹಾಗೆ, ಮನಸಾರೆ ಅತ್ತೆ. ಮುಂದಿನ ವರ್ಷದಿಂದ ಪುಸ್ತಕ ವಾರಿಜಾಕ್ಷಿಗೇ ಎಂದು ಒಳಗೆ ತೀರ್ಮಾನವಾಗುತ್ತಿದ್ದುದು ಅಲ್ಲಿಗೇ ಕೇಳಿಸಿತು.

ಪರ್ವ ಮುಗಿದ ಮೇಲೆ ನಮ್ಮಲ್ಲಿ ಒಬ್ಬರನ್ನೊಬ್ಬರು ಕ್ಷಮೆ ಕೇಳುವ ದಿನ ಬರುತ್ತದೆ. ನಾನು ಬೇರೆ ಯಾರ ಮನೆಗೂ ಹೋಗಲಿಲ್ಲ. ಮುಖ ಮೇಲೆತ್ತಿ ಕೂತಿದ್ದೆ, ವಾರಿಜಾಕ್ಷಿ ಹತ್ತಿ ಅದ್ದಿ ರೆಪ್ಪೆಯಂಚು ಒರೆಸುತ್ತಿದ್ದಳು. ತಪ್ಪಾಯ್ತು ಎಂದೆ. ಮೂರು ವರ್ಷದ್ದಕ್ಕೂ, ಮಾವನದಕ್ಕೂ, ಶ್ರದ್ಧಾಳದಕ್ಕೂ ಸೇರಿಸಿ ಕೇಳಿದೆ. ಅವಳು ಹೂಂ ಎಂದಳು. ಎಲ್ಲದಕ್ಕೂ ಹೂಂ ಎಂದ ಮೇಲೆ ನನಗೆ ಸ್ವಲ್ಪ ಧೈರ್ಯ ಬಂತು.

"ಆದ್ರೆ ವಾರಿಜಾ, ನೀನು ಓದೋವಾಗ ಬಂತಲ್ಲ, ಅದು ಕಾಯಿಲೆದಲ್ಲ. ಅದೊಂದು ನಿಜ."

ಅವಳು ಒರೆಸುವುದನ್ನು ನಿಲ್ಲಿಸಿ, ನನ್ನ ಬಲಗಣ್ಣಿನ ರೆಪ್ಪೆಯನ್ನು ಎರಡು ಬೆರಳಿನಿಂದ ಎತ್ತಿ, ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದಳು.

"ಇರಬಹುದು" ಎಂದಳು. "ಸೋಮವಾರ ಡಾಕ್ಟ್ರ ಹತ್ರ ಹೋಗೋದಿದೆಯಲ್ಲ. ಅವ್ರೇ ನೋಡಿ ಹೇಳ್ಲಿ."